ಹನ್ನೊಂದು ಸೆಕೆಂಡ್ (ಮೌನ)

೧
ಎಲ್ಲಿಂದ ಶುರು ಮಾಡಲಿ? ಉಸಿರಿನಿಂದ ಶುರು ಮಾಡಿದರೆ ದೆವ್ವದ ಕಥೆಯೆಂದು ನೀವು ಕಾಲು ಮಡಚಿ ಕೂರುತ್ತೀರಿ. ದೇವರಿಂದ ಶುರು ಮಾಡಿದರೆ ಅರ್ಧ ಜನ ಎದ್ದು ಹೋಗುತ್ತೀರಿ. ಆದ್ದರಿಂದ ಪೆಡಲ್‌ನಿಂದ ಶುರು ಮಾಡುತ್ತೇನೆ. ಅದಕ್ಕೆ ಯಾರ ತಕರಾರೂ ಇರಲಾರದು.

ಪೆಡಲ್ ಇರುವುದು ಅವಳ ಬಲಗಾಲಿನ ಕೆಳಗೆ. ಒತ್ತಿದರೆ ರೆಕಾರ್ಡಿಂಗ್ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ, ಹಿಮ್ಮಡಿಯಿಂದ ತಟ್ಟಿದರೆ ಹಿಂದಕ್ಕೆ ಹೋಗುತ್ತದೆ. ಹೆಡ್‌ಫೋನ್ ಹಾಕಿಕೊಂಡು ಯಾರ್ಯಾರದೋ ಮೀಟಿಂಗು, ವಿಚಾರಣೆ, ಜಗಳಗಳನ್ನು ಅಕ್ಷರಕ್ಕಿಳಿಸುವುದು ಅವಳ ಕೆಲಸ. ಆಫೀಸಿನಲ್ಲಿ ಅವಳನ್ನು ಪೆಡಲಕ್ಕ ಎನ್ನುತ್ತಾರೆ. ಮಾತು ತಿಳಿಯದಿದ್ದರೆ (ಅಸ್ಪಷ್ಟ) ಎಂದು ಟೈಪಿಸಬೇಕು. ಮೂರು ಸೆಕೆಂಡು ಯಾರೂ ಮಾತಾಡದಿದ್ದರೆ (ಮೌನ). ಆವರಣ ಚಿಹ್ನೆ ಕಡ್ಡಾಯ. (ನನಗೂ ಈ ಚಟ ಅಲ್ಲಿಂದಲೇ ಅಂಟಿದ್ದು.)

೨
ಮೊದಲ ಡ್ರಾಫ್ಟ್‌ನಲ್ಲಿ ಅವಳ ದಿನಚರಿಯೇ ಎರಡು ಪುಟವಿತ್ತು. ಓದಿ ನನಗೇ ಸುಸ್ತಾಗಿ ಹರಿದೆ. ಅವಳಿಗೆ ತಲೆ ತುರಿಸಿಕೊಳ್ಳಲೂ ಪುರುಸೊತ್ತಿಲ್ಲ ಎಂದರೆ ಸಾಕು. ಪ್ರಾರ್ಥನೆಯ ಡಿಪಾರ್ಟ್‌ಮೆಂಟ್ ಅಮ್ಮನದು. ಬೆಳಿಗ್ಗೆ ಏಳಕ್ಕೆ ಅಮ್ಮ ಇವಳ ಕೈ ಹಿಡಿದು, ಪಕ್ಕದ ಮನೆಯವರೊಡನೆ ಮಾತಾಡುವ ಹಾಗೆ ಯೇಸುವಿನೊಡನೆ ಮಾತಾಡುತ್ತಿದ್ದರು. ಇವಳು ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡೇ ಆಮೆನ್ ಎಂದು ಓಡುತ್ತಿದ್ದಳು. ಮೂವತ್ತೆಂಟು ವರ್ಷ ಅವಳ ಭಕ್ತಿಯೆಲ್ಲ ಅಮ್ಮನ ಬಾಯಿಂದಲೇ ನಡೆಯಿತು.

ಎರಡು ತಿಂಗಳ ಹಿಂದೆ ಅಮ್ಮನಿಗೆ ಸ್ಟ್ರೋಕ್ ಆಗಿ ಮಾತು ಹೋಯಿತು. ನಾಳೆ ಬೆಳಿಗ್ಗೆ ಎಂಟಕ್ಕೆ ಕುತ್ತಿಗೆಯ ರಕ್ತನಾಳದ ಆಪರೇಷನ್. ಡಾಕ್ಟರ್ ಭರವಸೆಯನ್ನು ಅಳೆದು ತೂಗಿ ಕೊಟ್ಟಿದ್ದಾರೆ. ಮೂರು ದಿನದಿಂದ ಅಮ್ಮ ಇವಳ ಕೈ ಹಿಡಿದು, ಇವಳ ಬಾಯಿಯತ್ತ ಬೆರಳು ತೋರಿಸುತ್ತಾರೆ: ಈಗ ನೀನು. ಮೂರು ದಿನದಿಂದ ಇವಳು "ಟೈಮಾಯ್ತಮ್ಮ, ಸಂಜೆ ಮಾಡೋಣ" ಎಂದು ತಪ್ಪಿಸಿಕೊಳ್ಳುತ್ತಿದ್ದಾಳೆ. ಕಣ್ಣು ಮುಚ್ಚಿದರೆ ಅವಳಿಗೆ ಒಂದು ಪದವೂ ಹುಟ್ಟುವುದಿಲ್ಲ. ಉಳಿದಿರುವುದು ಇವತ್ತಿನ ಸಂಜೆಯೊಂದೇ.

೩
ಉಸಿರು ಸಿಕ್ಕಿದ್ದು ಇವತ್ತೇ, ಕಾಂಪೌಂಡ್ ಗೋಡೆಯ ಫೈಲಿನಲ್ಲಿ. ಅಣ್ಣತಮ್ಮಂದಿರಿಬ್ಬರು ಗೋಡೆ ಯಾರದೆಂದು ಕಿತ್ತಾಡುತ್ತಿರುತ್ತಾರೆ. ಮಧ್ಯಸ್ಥರು "ನಿಮ್ಮ ತಂದೆ ಏನು ಹೇಳಿದ್ರು?" ಎಂದ ಕೂಡಲೇ ಇಬ್ಬರ ಬಾಯೂ ಬಂದ್. ಹನ್ನೊಂದು ಸೆಕೆಂಡ್. ಅವಳು (ಮೌನ) ಎಂದು ಟೈಪಿಸುವಷ್ಟರಲ್ಲಿ ಹೆಡ್‌ಫೋನಿನೊಳಗೆ, ತೀರಾ ಹತ್ತಿರದಲ್ಲಿ, ಯಾರೋ ಉಸಿರಾಡಿದರು. ಹಿಂದಕ್ಕೆ ತಟ್ಟಿದಳು. ಮತ್ತೆ ಅದೇ. ಬೇರೊಂದು ಫೈಲ್ ತೆಗೆದಳು: ಬೇರೆ ಕೋಣೆ, ಬೇರೆ ಜನ, ಹೋದ ವರ್ಷದ ಮೀಟಿಂಗು. ಮಾತು ನಿಂತ ಕಡೆಯಲ್ಲೆಲ್ಲ ಅದೇ ಉಸಿರು.

ಸೂಪರ್‌ವೈಸರ್ ಬಂದು ಹೆಡ್‌ಫೋನ್ ಕಿವಿಗಿಟ್ಟುಕೊಂಡು, "ಫ್ಯಾನ್ ಸದ್ದು ಕಣಮ್ಮ. ಮೌನ ಅಂತ ಹಾಕಿ ಮುಂದಕ್ಕೆ ಹೋಗು" ಎಂದರು.

(ಓದುಗರೇ, ಒಂದು ವಿಷಯ ಒಪ್ಪಿಕೊಳ್ಳಬೇಕು. ನಾನು ಬರೆದದ್ದೂ ಫ್ಯಾನ್ ಎಂದೇ. ಕಾಫಿ ಕುಡಿದು ಬಂದು ನೋಡಿದರೆ 'ಉಸಿರು' ಎಂದಿತ್ತು. ತಿದ್ದಿದೆ. ಮರುದಿನ ಮತ್ತೆ ಉಸಿರು. ಆಮೇಲೆ ತಿದ್ದಲು ಧೈರ್ಯ ಬರಲಿಲ್ಲ.)

ಅವಳು ಮತ್ತೆ ಪೆಡಲ್ ಒತ್ತಿದಳು. ಪರೀಕ್ಷಿಸೋಣವೆಂದು ತನ್ನ ಉಸಿರನ್ನು ಬಿಗಿ ಹಿಡಿದಳು. ಅತ್ತಲಿನ ಉಸಿರೂ ನಿಂತಿತು. ಹದಿನೈದು ವರ್ಷ ಜನರ ಮಾತು ಕೇಳಿದ ಕಿವಿ ಅವಳದು; ಬೈಯಲು ಹೊರಟವರ ಉಸಿರು ಗೊತ್ತು, ಸುಳ್ಳು ಹೇಳಲು ಹೊರಟವರದೂ ಗೊತ್ತು. ಇದು ಎರಡೂ ಅಲ್ಲ. ಎದುರಿನವರು ಹೇಳುವುದನ್ನು ಹೇಳಿ ಮುಗಿಸಲಿ ಎಂದು ಕಾಯುವವರ ಉಸಿರು. ಹೆದರಿಕೆಯ ನಡುವೆಯೇ ಅವಳ ಭುಜಗಳು ಸಡಿಲವಾದವು, ಬೆರಳುಗಳು ಕೀಬೋರ್ಡಿನ ಮೇಲೆ ಸುಮ್ಮನೆ ಮಲಗಿದವು. ಎರಡು ತಿಂಗಳಲ್ಲಿ ಅದೇ ಮೊದಲು.

೫
(ನಾಲ್ಕನೆಯದನ್ನು ಹರಿದು ಹಾಕಿದ್ದೇನೆ. ಅದರಲ್ಲಿ ಪಾದ್ರಿಯೊಬ್ಬರು ಬಂದು ಎಲ್ಲವನ್ನೂ ವಿವರಿಸುತ್ತಿದ್ದರು.)

ಮುಕ್ತಾಯ ಅ: ಹೆಡ್‌ಫೋನ್ ಕೆಟ್ಟಿತ್ತು. ಮುಕ್ತಾಯ ಆ: ಮನೆಗೆ ಹೋದರೆ ಅಮ್ಮನಿಗೆ ಮಾತು ಬಂದಿದೆ, ತಾವೇ ಪ್ರಾರ್ಥಿಸುತ್ತಾರೆ, ಇಬ್ಬರೂ ಅಳುತ್ತಾರೆ.

"ಅಮ್ಮನ ಬಾಯಲ್ಲಿ ಮಾತು ತುರುಕ್ಬೇಡಿ" ಎಂದಳು ಪೆಡಲಕ್ಕ. ಮನೆಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದವಳು ನನ್ನ ಕಡೆ ತಿರುಗಲೂ ಇಲ್ಲ.

"ಕಥೆಗೊಂದು ದಡ ಬೇಡ್ವಾ?"

"ನಿಮಗೆ ಕಥೆ. ನಂಗೆ ಅಮ್ಮ."

ಅವಳು ಇಳಿಯುವ ಸ್ಟಾಪ್ ಬರುವಷ್ಟರಲ್ಲಿ ಎರಡೂ ಮುಕ್ತಾಯಗಳನ್ನು ಹೊಡೆದು ಹಾಕಿದೆ. ನಾಚಿಕೆಯಾಗಿತ್ತು.

೬
ಸಂಜೆ ಐದೂವರೆ. ಅಮ್ಮ ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದರು. ಅವಳು ಬ್ಯಾಗ್ ಕೆಳಗಿಟ್ಟು, ಮೊಬೈಲ್ ಆಫ್ ಮಾಡಿ, ಸ್ಟೂಲ್ ಎಳೆದುಕೊಂಡು ಎದುರು ಕೂತಳು. ಅಮ್ಮನ ಎರಡೂ ಕೈಗಳನ್ನು ತನ್ನ ಕೈಗಳೊಳಗೆ ತೆಗೆದುಕೊಂಡು ಕಣ್ಣು ಮುಚ್ಚಿದಳು. ಏನೂ ಬರಲಿಲ್ಲ. ಪಾಪ ಎನಿಸಿ ನಾನೇ ಒಂದು ಬರೆದುಕೊಟ್ಟೆ: ಕರುಣಾಮಯನಾದ ಕರ್ತನೇ, ಈ ಗೋಧೂಳಿಯ ಹೊತ್ತಿನಲ್ಲಿ...

"ಗೋಧೂಳಿ ಅಂತ ನಾನು ಯಾವತ್ತಾದ್ರೂ ಅಂದಿದೀನಾ?" ಕಣ್ಣು ಮುಚ್ಚಿಕೊಂಡೇ ಕೇಳಿದಳು. "ಸ್ವಲ್ಪ ಸುಮ್ನಿರ್ತೀರಾ? ನೀವು ಬರೀತಾನೇ ಇದ್ರೆ ನಂಗೇನೂ ಕೇಳ್ಸಲ್ಲ."

"ನಾನು ಸುಮ್ಮನಾದ್ರೆ ನೀನೆಲ್ಲಿರ್ತೀಯ? ನಿನ್ನ ನಡೆಸ್ತಿರೋನು ನಾನು."

"ಅದನ್ನೂ ನೋಡೇಬಿಡೋಣ."

ಕಾಗದದ ಮೇಲಿಂದ ಕೈ ಎತ್ತಿಕೊಂಡೆ.

 

(ಮೌನ)

 

೭
ಎಷ್ಟು ಹೊತ್ತಾಯಿತೋ ತಿಳಿಯದು. ನಾನು ಮರಳಿದಾಗ ಅವಳು ಅಲ್ಲೇ ಇದ್ದಳು, ನಾನಿಲ್ಲದೆಯೂ. ಅದು ನನಗೆ ಸ್ವಲ್ಪ ಚುಚ್ಚಿತು. ಅವಳ ಕೆನ್ನೆ ಒದ್ದೆಯಾಗಿತ್ತು.

"ಏನಂತ ಬೇಡಿದೆ?"

"ಹೆದರಿಕೆ ಆಗ್ತಿದೆ, ಅಮ್ಮನ್ನ ನೋಡ್ಕೋ ಅಂದೆ. ಅಷ್ಟೇ ಬಂದಿದ್ದು. ಆಮೆನ್ ಅಂದೆ. ಒತ್ತಿದ್ರು."

"ಯಾರು, ಅಮ್ಮನಾ? ಕೈ ಒತ್ತಿದ್ರಾ?"

"ಅಮ್ಮನ ಎರಡೂ ಕೈ ನನ್ನ ಹತ್ರಾನೇ ಇದ್ವು." ಅವಳು ತಿರುಗಿ ತನ್ನ ಎಡಭುಜವನ್ನು ನೋಡಿಕೊಂಡಳು. "ಒತ್ತಿದ್ದು ಇಲ್ಲಿ."

ಆ ಮನೆಯಲ್ಲಿ ನಾನು ಇಟ್ಟಿದ್ದು ಇಬ್ಬರನ್ನೇ. ಆ ಸಾಲು ಅಳಿಸುತ್ತೇನೆ, ಓದುವವರು ನಂಬುವುದಿಲ್ಲ ಎಂದೆ. ಅವಳಿಗೆ ಅದರ ಗೊಡವೆಯಿರಲಿಲ್ಲ. ಎದ್ದು ಆಸ್ಪತ್ರೆಯ ಬ್ಯಾಗಿಗೆ ಸ್ಕ್ಯಾನ್ ರಿಪೋರ್ಟು, ಬಾಚಣಿಗೆ, ಅಮ್ಮನ ಕಾಲುಚೀಲ ಒಂದೊಂದಾಗಿ ಇಡತೊಡಗಿದಳು.

"ಈಗ ಭಯ ಹೋಯ್ತಾ?"

"ಇಲ್ಲ, ಇದೆ." ಕಾಲುಚೀಲವನ್ನು ಬಿಚ್ಚಿ ಮತ್ತೊಮ್ಮೆ ಸರಿಯಾಗಿ ಮಡಚಿದಳು. "ಆದ್ರೆ ಅವಸರ ಇಲ್ಲ."

ಮರುದಿನ ಎಂಟು ಗಂಟೆಗೆ ಏನಾಯಿತು ಎಂದು ನೀವು ಕೇಳುತ್ತೀರಿ. ಅಮ್ಮನನ್ನು ಉಳಿಸುವುದೂ ಕಳೆಯುವುದೂ ನನಗೆ ಒಂದೊಂದು ಸಾಲಿನ ಕೆಲಸ. ಎರಡನ್ನೂ ಬರೆಯುವುದಿಲ್ಲ. ಆ ಕೋಣೆಯಲ್ಲಿರುವ ಮೂರನೆಯವರನ್ನು ಒಂದು ಮಾತು ಕೇಳದೆ ಬರೆಯಲು ನನಗೆ ಹೆದರಿಕೆ. ಕೇಳೋಣವೆಂದರೆ, ಈವರೆಗೆ ನಾನು ಅವರೊಡನೆ ಮಾತಾಡಿದವನಲ್ಲ.