ಟ್ಯಾಂಕ್ ಖಾಲಿ, ಗಾಳಿ ಜೋರು

ಅಂದು ನಮ್ಮ ಕಚೇರಿಯಲ್ಲಿ ನೀರು ಎತ್ತರದ ಸ್ಟೂಲಿನ ಮೇಲೆ ಕೂತು ಕಾಲು ಅಲ್ಲಾಡಿಸುತ್ತಿತ್ತು. ನನ್ನನ್ನು ಸುಳ್ಳುಗಾರನೆಂದು ಬಲ್ಲವರು ಬಹಳ ಜನ, ಅವರಲ್ಲಿ ನನ್ನ ಹೆಂಡತಿಯೂ ಒಬ್ಬಳು. ಆದರೂ ಹೇಳುತ್ತೇನೆ, ಈ ಕತೆಯಲ್ಲಿ ಕಟ್ಟಿದ್ದು ಎಂದರೆ ಆ ಟ್ಯಾಂಕು ಮಾತ್ರ. ಉಳಿದದ್ದೆಲ್ಲ ನಡೆದದ್ದೇ.

ಆ ನೀರಿನ ಹೆಸರು ಧರಣೇಂದ್ರಯ್ಯ. ಕಟ್ಟಡಗಳ ವಿನ್ಯಾಸ ಮಾಡುತ್ತಿದ್ದ ನಮ್ಮ ಸಣ್ಣ ಕಚೇರಿಯ ಯಜಮಾನರು. ದೇಹದಲ್ಲೂ ಅನುಭವದಲ್ಲೂ ತೂಕದ ಮನುಷ್ಯ. ಯಾವ ತಳಪಾಯದ ನಕ್ಷೆಯೂ ಹೊರಗೆ ಹೋಗುವ ಮುನ್ನ ಅವರು ‘ಭಾರಗಳ ಸಭೆ’ ಕರೆಯುತ್ತಿದ್ದರು. ಒಬ್ಬರು ಕಾಂಕ್ರೀಟಿನ ಸ್ವಂತ ತೂಕವಾಗಬೇಕು, ಇನ್ನೊಬ್ಬರು ಗಾಳಿ, ಮತ್ತೊಬ್ಬರು ಬಂದು ಹೋಗುವ ಭಾರ, ಅಂದರೆ ಜನವೋ ಸಾಮಾನೋ ನೀರೋ. ಯಾರು ಯಾರ ಜೊತೆ ಸೇರಿ ಬಂದರೆ ಫುಟಿಂಗಿಗೆ, ಅಂದರೆ ಕಂಬದ ಬುಡದ ಕಾಂಕ್ರೀಟ್ ಪಾದಕ್ಕೆ, ಅತಿ ಕಷ್ಟ ಎಂದು ಎಲ್ಲರೂ ತಂತಮ್ಮ ಪರವಾಗಿ ವಾದಿಸಬೇಕು. ಬೇರೆ ಕಚೇರಿಯವರು ಇದನ್ನು ನಾಟಕ ಎಂದು ಆಡಿಕೊಳ್ಳುತ್ತಿದ್ದರು. ನಮ್ಮ ಕೈಯಿಂದ ಹೊರಬಿದ್ದ ಒಂದು ಕಟ್ಟಡವೂ ಬಿರುಕು ಬಿಟ್ಟಿರಲಿಲ್ಲ. ನಾವು ಎದೆಯುಬ್ಬಿಸಿಕೊಂಡೇ ಆ ನಾಟಕ ಆಡುತ್ತಿದ್ದೆವು. ಯಾರ ದನಿಯನ್ನಾದರೂ ತೆಗೆಯಬಲ್ಲೆನೆಂದು ಗಾಳಿಯ ಪಾತ್ರ ನನಗೆ ಕಾಯಂ ಆಗಿತ್ತು. ಬಂದು ಹೋಗುವ ಭಾರ ಮಾತ್ರ ಯಜಮಾನರ ಸ್ವತ್ತು.

ಅಂದಿನ ಸಭೆ ಮೇಲಿನ ಬಡಾವಣೆಗೆ ಕಟ್ಟಬೇಕಿದ್ದ ನೀರಿನ ಟ್ಯಾಂಕಿನದು. ನಾಲ್ಕು ಎತ್ತರದ ಕಂಬ, ಕಂಬಕ್ಕೊಂದು ಫುಟಿಂಗ್. ನಮ್ಮ ಕಿರಿಯ ಇಂಜಿನಿಯರ್ ಅಂಬುಜಾಕ್ಷಿ ಒಬ್ಬಳೇ ಕೂತು ಮಾಡಿದ ಮೊದಲ ವಿನ್ಯಾಸ. ನಕ್ಷೆಯ ಮೂಲೆಯಲ್ಲಿ ಅವಳ ಹೆಸರು ಮೊದಲ ಸಲ ಬರುವುದಿತ್ತು. ಭಾರಗಳ ಸಂಯೋಜನೆಗಳನ್ನೆಲ್ಲ ಬರೆದು, ಕೊನೆಗೆ ಅವಳು ಇನ್ನೊಂದು ಸಾಲು ಸೇರಿಸಿದ್ದಳು: ಟ್ಯಾಂಕ್ ಖಾಲಿ, ಗಾಳಿ ಜೋರು. ಅದೊಂದೇ ಸಾಲಿನಿಂದ ಫುಟಿಂಗಿನ ಅಗಲವೂ ಆಳವೂ ಹೆಚ್ಚಿದ್ದವು. ಯಜಮಾನರ ಕೆಂಪು ಪೆನ್ಸಿಲ್ ಅದರ ಮೇಲೆಯೇ ಬಂದು ನಿಂತಿತು.

“ತುಂಬಿದ ಟ್ಯಾಂಕನ್ನೇ ಹೊರೋ ಫುಟಿಂಗು ಖಾಲಿ ಟ್ಯಾಂಕನ್ನ ಹೊರಲ್ವೇನಮ್ಮಾ?”

“ಹೊರುತ್ತೆ ಸಾರ್. ನನ್ನ ಭಯ ಹೊರೋದರದ್ದಲ್ಲ, ಉರುಳೋದರದ್ದು.”

“ಇದುವರೆಗೆ ಎಷ್ಟು ಟ್ಯಾಂಕ್ ಉರುಳಿಸಿದೀಯ?”

“ಒಂದೂ ಇಲ್ಲ. ಇದರಿಂದ ಶುರು ಮಾಡೋ ಆಸೆನೂ ಇಲ್ಲ.”

ನಾವು ತಲೆ ತಗ್ಗಿಸಿ ನಗು ನುಂಗಿದೆವು. ಅವಳು ನಗಲಿಲ್ಲ. “ಆ ಸಾಲು ಹೊಡೆದುಹಾಕಿದರೆ ನಕ್ಷೆ ಮೇಲೆ ನನ್ನ ಹೆಸರು ಬೇಡ ಸಾರ್” ಎಂದಳು. ಸಂಜೆಗೆ ನಕ್ಷೆ ಪುರಸಭೆ ಸೇರಬೇಕಿತ್ತು.

ಅವಳು ಹೇಳಿದ್ದು ಸರಿಯೇ. ಭಾರ ನೆಲವನ್ನು ಒತ್ತುವಾಗ ಶತ್ರು, ಗಾಳಿಗೆ ಎದುರು ನಿಂತಾಗ ಮಿತ್ರ. ಶತ್ರುವನ್ನು ಹಿಗ್ಗಿಸಿ ಲೆಕ್ಕ ಹಾಕಬೇಕು, ಮಿತ್ರನನ್ನು ಕುಗ್ಗಿಸಿ. ಇದನ್ನು ನಮಗೆ ಕಲಿಸಿದವರೂ ಯಜಮಾನರೇ! ಆದರೆ ನಮ್ಮ ಸಭೆಯಲ್ಲಿ ಬಂದು ಹೋಗುವ ಭಾರ ಬರುತ್ತಿತ್ತೇ ಹೊರತು ಎಂದೂ ಹೋಗುತ್ತಿರಲಿಲ್ಲ. ಯಜಮಾನರಿಲ್ಲದೆ ಸಭೆ ನಡೆಸುವ ಧೈರ್ಯ ಯಾರಿಗಿತ್ತು?

“ಏನಯ್ಯಾ ಗಾಳಿ, ಬಾಯಿಗೆ ಬೀಗ ಹಾಕ್ಕೊಂಡು ನಿಂತಿದೀಯ! ಬೀಸು ನೋಡೋಣ.”

ನಾನು ಅವರ ಬೆನ್ನ ಹಿಂದೆ ಹೋಗಿ ಸ್ಟೂಲಿಗೆ ಭುಜ ಕೊಟ್ಟು ನೂಕಿದೆ. ಅದು ಮಿಸುಕಲಿಲ್ಲ.

“ಕಂಡ್ಯೇನಮ್ಮಾ?” ಎಂದು ನೀರು ಗಹಗಹಿಸಿತು.

ನಾನು ಅಲ್ಲಿಂದಲೇ ಬಾಗಿಲ ಕಡೆ ಮುಖ ತಿರುಗಿಸಿದೆ. ಪುರಸಭೆಯ ಇಂಜಿನಿಯರ್ ಸಾಹೇಬರು ಕೆಮ್ಮದೆ ಒಂದು ಮಾತೂ ಆಡುತ್ತಿರಲಿಲ್ಲ. ಆ ಕೆಮ್ಮು ನನ್ನ ಗಂಟಲಿಗೆ ಹೇಳಿ ಮಾಡಿಸಿದಂತಿತ್ತು. “ಉಹ್ಹು... ಉಹ್ಹು... ಧರಣೇಂದ್ರಯ್ಯನೋರು ಇದಾರೇನ್ರೀ?”

“ಬಂದೆ ಸಾರ್, ಬಂದೆ!” ನೀರು ದಡಕ್ಕನೆ ಕೆಳಗಿಳಿದು, ಒಂದೇ ಚಪ್ಪಲಿ ಮೆಟ್ಟಿ, ಮೊಗಸಾಲೆಯ ಕಡೆ ಹರಿದುಹೋಯಿತು. ನಾನು ಸ್ಟೂಲಿನ ಅಂಚಿಗೆ ಕಿರುಬೆರಳು ತಾಗಿಸಿದೆ. ಅದು ಧಡಾರನೆ ಮಗುಚಿತು.

ಯಜಮಾನರು ಏದುಸಿರು ಬಿಡುತ್ತಾ ವಾಪಸು ಬಂದರು. “ಅಲ್ಲಿ ಯಾರೂ ಇಲ್ಲವಲ್ಲಯ್ಯ! ಇದನ್ನ ಬೀಳಿಸಿದ್ದು ಯಾರು?”

“ಗಾಳಿ ಸಾರ್” ಎಂದೆ. “ನೀರು ಹೊರಗೆ ಹೋಗಿತ್ತು ನೋಡಿ, ಕಿರುಬೆರಳೇ ಸಾಕಾಯ್ತು.” ಹೇಳಿ, ಸಾಹೇಬರಂತೆಯೇ ಒಮ್ಮೆ ಕೆಮ್ಮಿದೆ.

ಯಜಮಾನರು ನನ್ನನ್ನು ನೋಡಿದರು, ಕಾಲು ಚಾಚಿ ಬಿದ್ದಿದ್ದ ಸ್ಟೂಲನ್ನು ನೋಡಿದರು, ಕೊನೆಗೆ ಅಂಬುಜಾಕ್ಷಿಯನ್ನು. ಅವಳು ಕಣ್ಣು ತಪ್ಪಿಸಲಿಲ್ಲ. ಆ ನಿಲುವನ್ನು ನೆನೆದರೆ ನನಗೆ ಈಗಲೂ ಹೆಮ್ಮೆಯಾಗುತ್ತದೆ; ನಾನು ಬೀಳಿಸಿದ್ದು ಸ್ಟೂಲು, ಅವಳು ನಿಲ್ಲಿಸಿದ್ದು ಟ್ಯಾಂಕು.

ಅವರು ಕೆಂಪು ಪೆನ್ಸಿಲನ್ನು ಅವಳ ಕೈಗೆ ಕೊಟ್ಟರು. “ಆ ಸಾಲಿನ ಕೆಳಗೆ ಎರಡು ಗೆರೆ ಎಳಿಯಮ್ಮ. ಆಮೇಲೆ ಮೂಲೇಲಿ ನಿನ್ನ ಹೆಸರು ಬರಿ, ದೊಡ್ಡದಾಗಿ ಬರಿ. ಇನ್ನು ಮೇಲೆ ಪ್ರತಿ ಸಭೇಲೂ ಒಂದು ಸಲ ನನ್ನನ್ನ ಆಚೆ ಕಳಿಸ್ರಪ್ಪಾ!”

ಅಷ್ಟು ಹೇಳುವಷ್ಟರಲ್ಲಿ ಅವರ ಹೊಟ್ಟೆ ಕುಲುಕತೊಡಗಿತ್ತು. ನಾವು ನಗಬಹುದೋ ಬಾರದೋ ಎಂದು ಮುಖ ಮುಖ ನೋಡಿಕೊಳ್ಳುತ್ತಿದ್ದಾಗಲೇ ಅವರು ನೆಲದ ಮೇಲೆ ಕುಕ್ಕರಿಸಿ, ತೊಡೆ ತಟ್ಟಿಕೊಂಡು, ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು. ನಮ್ಮ ಮಹಡಿಯ ಕೆಳಗಿನ ಅಂಗಡಿಯ ದರ್ಜಿ ಹೊಲಿಗೆ ಯಂತ್ರ ನಿಲ್ಲಿಸಿ, ಸೂಜಿ ಬಟ್ಟೆಯಲ್ಲೇ ಇರುವಂತೆ, ಬಹಳ ಹೊತ್ತು ಸೂರು ನೋಡುತ್ತಾ ಕೂತಿದ್ದನಂತೆ.