ಬೊರಿಯ ಗೊಂಬೆ

"ತಾತ, ನನ್ನ ಮೂಗು ಇಷ್ಟು ದಪ್ಪ ಇದೆಯಾ?"

"ಇದೆ. ನಿಮ್ಮಜ್ಜೀದೂ ಹೀಗೇ ಇತ್ತು. ಅಲ್ಲಾಡದೆ ಕೂತ್ಕೋ," ಎಂದ ಮುರಕ್.

ಮೀನು ಒಣಹಾಕಿದ ಹಗ್ಗದ ಕೆಳಗೆ ಮೊಮ್ಮಗಳು ಬೊರಿ ಕೂತಿದ್ದಳು. ಮುದುಕನ ಕೈಯಲ್ಲಿ ಮೊಳದುದ್ದದ ದೇವದಾರಿನ ತುಂಡು. ಮುರಕ್ ಗೊಂಬೆ ಕೆತ್ತಿದರೆ ಸತ್ತವರೇ ಎದ್ದು ಬಂದಂತೆ ಎಂದು ಒಕ್ಜೊ ಸೀಮೆಯ ಜನ ಹೇಳುತ್ತಿದ್ದರು. ಬದುಕಿರುವವರ ಗೊಂಬೆಯನ್ನು ಮಾತ್ರ ಅವನು ಈವರೆಗೆ ಕೆತ್ತಿರಲಿಲ್ಲ. ಯಾರೂ ಕೆತ್ತುತ್ತಿರಲಿಲ್ಲ.

ಅಲ್ಲಿ ಮನೆತನಕ್ಕೊಂದು ಕೊರಡು. ದೊಡ್ಡ ಮರವನ್ನು ಉದ್ದಕ್ಕೆ ಟೊಳ್ಳು ಮಾಡಿ ಒಂದು ತುದಿಗೆ ಬಾಗಿಲಿಡುತ್ತಾರೆ. ಮನೆಯಲ್ಲಿ ಯಾರೇ ಸತ್ತರೂ ಮೊದಲು ಮಣ್ಣಿಗೆ, ಮೂಳೆಯಷ್ಟೇ ಉಳಿದ ಮೇಲೆ ಕೊರಡಿನೊಳಕ್ಕೆ. ಪಕ್ಕದಲ್ಲಿ ಅವರದೇ ಮುಖದ ಗೊಂಬೆ. ಬಾಗಿಲಿಗೆ ಸತ್ತವರ ಊಟಕ್ಕೆಂದು ಅಕ್ಕಿಯ ಗಡಿಗೆ, ತಲೆಗೊಂದು ಹಿಡಿಯಂತೆ. ಹೋದ ವರ್ಷ ಘಟ್ಟದಾಚೆಯ ಗೋಗುರ್ಯೊದ ರಾಜನಿಗೆ ಕಪ್ಪದ ಉಪ್ಪು ಹೊತ್ತು ಹೊರಟ ಬೊರಿಯ ಅಪ್ಪ ಘಟ್ಟದಲ್ಲಿ ಜಾರಿ ಬಿದ್ದ. ಜೊತೆಯವರು ಅವನ ಪಾಲಿನ ಉಪ್ಪನ್ನು ಮುಟ್ಟಿಸಿದರು, ಅವನ ಹೆಣವನ್ನು ತರಲಿಲ್ಲ. ಮೂಳೆಯಿಲ್ಲದೆ ಗೊಂಬೆಯಿಲ್ಲ ಎಂದರು ಹಿರಿಯರು. ಹೀಗೆ ಮುರಕ್‌ನ ಮಗನಿಗೆ ಕೊರಡಿನಲ್ಲಿ ಜಾಗವೇ ಇಲ್ಲದಂತಾಯಿತು. ಈ ಸಲ ಉಪ್ಪು, ಮೀನು, ನಾರುಬಟ್ಟೆಯ ಜೊತೆಗೆ ರಾಜನಿಗೆ ಹುಡುಗಿಯರೂ ಬೇಕಂತೆ. ನಾಳೆ ಬೆಳಿಗ್ಗೆ ಹೊರಡುವವರಲ್ಲಿ ಬೊರಿಯೂ ಒಬ್ಬಳು.

ಅಷ್ಟರಲ್ಲಿ ಊರ ನಾಯಕ ಗಾಮೆ ಬಂದ. ಮೂರು ವರ್ಷದ ಕೆಳಗೆ ಯಾರಿಗೂ ತಲೆಬಾಗದ ಆಸಾಮಿ. ಈಗ ರಾಜ ಕೊಟ್ಟ ಗರಿಯ ಟೋಪಿ ಇಟ್ಟುಕೊಂಡು ಮನೆಮನೆ ಸುತ್ತುತ್ತಾನೆ. ಇಂಥ ಟೋಪಿ ಈಚೆಗೆ ಕಣಿವೆಗೊಂದು ಕಾಣಸಿಗುತ್ತದೆ.

"ನಾಯಕ್ರೇ, ರಾಜನಿಗೆ ಎಷ್ಟು ವಯಸ್ಸು?" ಎಂದಳು ಬೊರಿ.

"ಹನ್ನೊಂದು ಅಂತಾರೆ."

"ಹನ್ನೊಂದಾ! ಹಾಲುಹಲ್ಲೆಲ್ಲ ಬಿದ್ದಿದ್ಯಾ? ಸಿಟ್ಟು ಬಂದ್ರೆ ನೆಲದ ಮೇಲೆ ಹೊರಳಾಡ್ತಾನಾ? ಅಷ್ಟು ಚಿಕ್ಕೋನಿಗೆ ಅಷ್ಟೊಂದು ಉಪ್ಪು ಯಾಕೆ?"

ಗಾಮೆಗೆ ನಗು ಬಂತು. ಬಂದದ್ದೇ ತಡ, ಹಿಂದೆ ಮುಂದೆ ನೋಡಿ ಬಾಯಿ ಮುಚ್ಚಿಕೊಂಡ. ಸುತ್ತ ಇದ್ದದ್ದು ಮೀನು ಮತ್ತು ಕಾಗೆ.

"ಅಲ್ಲಿ ಹೋಗಿ ಹೀಗೆ ಬಾಯಿ ಬಿಟ್ಟೀಯ, ಹುಷಾರು! ಸೀಮೆ ಸೀಮೆ ನಾಯಕರೆಲ್ಲ ಅವನ ಮುಂದೆ ಮಂಡಿ ಊರ್ತಾರೆ. ತಾಯಿ ಹಿಂದೆ ಕೂತು ಹೇಳ್ತಾಳೆ, ಇವನು ಹೂಂ ಅಂತಾನೆ. ಆ ಒಂದು ಹೂಂಗೆ ಸಮುದ್ರದವರೆಗೂ ನೆಲ ಅವನದಾಯ್ತು."

ಆಮೇಲೆ ಅವನ ಕಣ್ಣು ಗೊಂಬೆಯ ಮೇಲೆ ಬಿತ್ತು. "ಇದೇನಯ್ಯಾ? ಬದುಕಿರೋಳದ್ದಾ? ಸಾವನ್ನ ಕರೆದು ಮಣೆ ಹಾಕ್ತಿದೀಯಲ್ಲೋ! ಒಲೆಗೆ ಹಾಕು ಮೊದಲು."

ಮುರಕ್ ಚಾಕು ಕೆಳಗಿಟ್ಟ. "ಹಾಕ್ತೀನಿ. ಇವಳು ಅಲ್ಲಿ ಸತ್ರೆ ಮೂಳೆ ನೀನು ತಂದ್ಕೊಡ್ತೀಯಾ? ನನ್ನ ಮಗನದು ತಂದ್ಯಲ್ಲ, ಹಂಗಾ?"

ಗಾಮೆ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಬಿಸಿಲು ಇಳಿಯುವ ಮುಂಚೆ ಬೊರಿ ಗೊಂಬೆಯನ್ನು ಎತ್ತಿಕೊಂಡು ಕೊರಡಿನ ಬಾಗಿಲು ತೆಗೆದಳು. ಒಳಗೆ ಹೇಗಿದೆಯೋ ಎಂದು ಅವಳಿಗೆ ಚಿಕ್ಕಂದಿನಿಂದ ಕುತೂಹಲ. ತೆವಳಿಕೊಂಡು ಹೋದಳು. ಐದು ಗೊಂಬೆಗಳಿದ್ದವು: ತಾತನ ಅಪ್ಪ, ತಾತನ ಅಮ್ಮ, ತನ್ನ ಅಜ್ಜಿ, ತನ್ನ ಅಮ್ಮ, ಅಮ್ಮನಿಗೆ ಒತ್ತಿಕೊಂಡು ಹೆಸರಿಡುವ ಮೊದಲೇ ಹೋದ ತಮ್ಮ. ಅಜ್ಜಿಯ ಮೂಗು ದಪ್ಪವೇ ಇತ್ತು. ಅಮ್ಮನನ್ನು ಚೂರು ಸರಿಸಿ ತನ್ನದನ್ನು ಪಕ್ಕಕ್ಕೆ ಇಟ್ಟಳು, ಮುಖ ಬಾಗಿಲ ಕಡೆಗೆ.

"ತಾತ ಸುಳ್ಳು ಹೇಳಿಲ್ಲ," ಎನ್ನುತ್ತ ಹೊರಬಂದು ಮೈ ಕೊಡವಿದಳು. "ವಾಪಸ್ ಬಂದ ದಿನ ನಾನೇ ಅದನ್ನ ಒಲೆಗೆ ಹಾಕ್ತೀನಿ."

ಮರುವರ್ಷ ಉಪ್ಪು ಹೊತ್ತವರು ಹೋಗಿ ಬಂದರು. ಅರಮನೆಯ ಗೋಡೆ ಎತ್ತರವಿದೆ, ಹುಡುಗಿಯರು ಕಾಣಲಿಲ್ಲ ಎಂದರು. ಹೊಸ ಅಕ್ಕಿ ಬಂದಾಗ ಮುರಕ್ ಗಡಿಗೆ ತೊಳೆದು ಕೊರಡಿನ ಬಳಿ ತಂದ. ಗಾಮೆ ಬರಿದಲೆಯಲ್ಲಿ ಬಂದು ಗಡಿಗೆ ಕಟ್ಟುವ ಹಗ್ಗ ಹಿಡಿದು ನಿಂತ.

ಮುರಕ್ ಒಂದೊಂದೇ ಹಿಡಿ ಹಾಕಿದ. ಐದಕ್ಕೆ ಕೈ ನಿಂತಿತು.

"ಒಳಗೆ ಆರು ಗೊಂಬೆ ಇವೆಯಲ್ಲೋ," ಎಂದ ಗಾಮೆ, ಮೆತ್ತಗೆ.

"ಆರನೇದಕ್ಕೆ ಇನ್ನೂ ಹಸಿವಾಗಿಲ್ಲ."

ಗಾಮೆ ಹಗ್ಗ ಎಳೆದು ಗಡಿಗೆಯನ್ನು ಬಾಗಿಲಿಗೆ ಕಟ್ಟಿದ.