ಹೆಂಡತಿಯನ್ನು ಉಳಿಸಿದ ಜಿನೇಶ

ಅಂಡಮಾನಿನಿಂದ ಬಂದ ಮೇಲೆ ಇಚಲಕರಂಜಿಯ ನೂಲಿನ ವ್ಯಾಪಾರಿ ಜಿನೇಶನಿಗೆ ಪೇಟೆಗೆ ಕಾಲಿಡುವುದೇ ಬೇಡವಾಗಿತ್ತು. ಹೋದಲ್ಲೆಲ್ಲ ಬೆನ್ನು ಚಪ್ಪರಿಸುವವರೇ. ‘ಶಾಬ್ಬಾಸ್ ಜಿನೇಶಶೇಠ, ಹೆಂಡತಿ ಜೀವಾ ಉಳಿಸಿದ್ರಿ!’ ಅವನು ನಕ್ಕಂತೆ ಮಾಡಿ ಜಾರಿಕೊಳ್ಳುತ್ತಿದ್ದ.

ಸುದ್ದಿ ಹಬ್ಬಿಸಿದವನು ಗಡಹಿಂಗ್ಲಜದ ಗೆಳೆಯ ಅವಧೂತ. ಮೂರು ಜೋಡಿ ಗಂಡಹೆಂಡಿರು ಕೂಡಿ ಒಂದು ಹಾಯಿದೋಣಿ ಗೊತ್ತುಮಾಡಿ ದ್ವೀಪದಿಂದ ದ್ವೀಪಕ್ಕೆ ತಿರುಗಿದ್ದರು. ಇಂಜಿನ್ ಸದ್ದಿಲ್ಲ, ಗಾಳಿ ತುಂಬಿದ ಹಾಯಿ, ಕಿರುಗುಟ್ಟುವ ಹಗ್ಗ, ಕೆಳಗೆ ಗಾಜಿನಂಥ ನೀರಿನಲ್ಲಿ ಹವಳದ ಸಂದಿಗಳಿಗೆ ನುಸುಳುವ ಹಳದಿ ಮೀನು. ಜಿನೇಶನ ಹೆಂಡತಿ ರುಪಾಲಿಯಂತೂ ಊಟದ ಪರಿವೆಯಿಲ್ಲದೆ ದೋಣಿಯ ಅಂಚಿಗೆ ಅಂಟಿಕೊಂಡು ಕೂತಿರುತ್ತಿದ್ದಳು.

ಒಂದು ಮುಂಜಾನೆ ಹವಳದ ದಿಬ್ಬದ ಹತ್ತಿರ ಲಂಗರು ಹಾಕಿ, ಕಪ್ತಾನ ಎಲ್ಲರಿಗೂ ಲೈಫ್ ಜಾಕೆಟ್ ತೊಡಿಸಿದ. ಅವನು ಅತ್ತ ತಿರುಗಿದ್ದೇ ತಡ, ಜಿನೇಶ ತನ್ನದನ್ನು ಕಳಚಿ ಒಗೆದ. ‘ಪಂಚಗಂಗಾ ಹೊಳ್ಯಾಗ ಈಸು ಕಲ್ತಾಂವ ನಾ. ನನಗ್ಯಾಕ ಇದು?’

ದಿಬ್ಬದ ಮೇಲೆ ಎದೆಮಟ್ಟದ ನೀರು. ರುಪಾಲಿಯ ಪಕ್ಕದಲ್ಲಿ ಮುಖ ಮುಳುಗಿಸಿ ತೇಲುತ್ತ ಹೋದ. ಒಮ್ಮೆಲೇ ಹವಳ ಮುಗಿದು, ಕೆಳಗೆ ತಳವೇ ಕಾಣದ ಕಪ್ಪುನೀಲಿ ಬಾಯ್ದೆರೆಯಿತು. ಅಲ್ಲಿ ಸೆಳೆತವೂ ಇತ್ತು. ಜಿನೇಶ ಕೈಕಾಲು ಬಡಿದ, ಬಾಯೊಳಗೆ ಉಪ್ಪುನೀರು ನುಗ್ಗಿತು. ಕೈಗೆ ಸಿಕ್ಕಿದ್ದು ರುಪಾಲಿಯ ಹೆಗಲು. ಅವಳನ್ನು ಕೆಳಗೊತ್ತಿ ಮೇಲೇರಿದ. ಅವಳು ಒದ್ದಾಡುತ್ತಿದ್ದುದು ಅಂಗೈಗೆ ತಿಳಿಯುತ್ತಿತ್ತು. ಆದರೂ ಬಿಡಲಿಲ್ಲ.

ಕಪ್ತಾನ ಈಸಿ ಬಂದು ಇಬ್ಬರನ್ನೂ ಎಳೆತಂದಾಗಲೂ ಜಿನೇಶನ ಬೆರಳುಗಳು ಅವಳ ಜಾಕೆಟ್ಟನ್ನು ಹಿಡಿದೇ ಇದ್ದವು. ದೋಣಿಯ ಮೇಲಿಂದ ನೋಡಿದ್ದ ಅವಧೂತ ಕೂಗಿದ: ‘ಕಡೀತನಕಾ ಹೆಂಡತೀನ್ನ ಬಿಡಲಿಲ್ಲ ನೋಡ್ರಿ!’ ರುಪಾಲಿ ನೀರು ಕಾರುತ್ತಿದ್ದಳು. ಜಿನೇಶ ಬಾಯಿ ಬಿಡಲಿಲ್ಲ. ಆಮೇಲೆ ಬಾಯಿ ಬಿಡುವುದು ಇನ್ನೂ ಕಷ್ಟವಾಯಿತು. ಆಶ್ಚರ್ಯವೆಂದರೆ, ರುಪಾಲಿಯೂ ಏನೂ ಹೇಳಲಿಲ್ಲ.

ಊರಿಗೆ ಮರಳಿದ ಮರುವಾರ ಗಡಹಿಂಗ್ಲಜದಲ್ಲಿದ್ದ ರುಪಾಲಿಯ ತವರಿನಿಂದ ಊಟಕ್ಕೆ ಕರೆ ಬಂತು. ಅವಧೂತನೂ ಬಂದಿದ್ದ. ಅತ್ತೆ ಛಾಯಾಬಾಯಿ ಅಳಿಯನನ್ನು ಮಣೆಯ ಮೇಲೆ ಕೂರಿಸಿ ಆರತಿ ಹಿಡಿದು ನಿಂತರು. ಕಣ್ಣು ತುಂಬಿತ್ತು.

‘ನನ್ನ ಮಗಳ್ನ ತಿರುಗಿ ತಂದು ಕೊಟ್ರಿ. ನಿಮ್ಮ ಉಪಕಾರ ಹೆಂಗ ತೀರಸ್ಲಿ?’

ಕುಂಕುಮದ ಬೆರಳು ಹಣೆಗೆ ತಾಗುವ ಮೊದಲೇ ಜಿನೇಶ ಮುಖ ಹಿಂದೆ ಸರಿಸಿದ.

‘ಬ್ಯಾಡ್ರಿ ಅತ್ತಿ. ನಾ ಉಳಸಲಿಲ್ರಿ. ನಾನಽ ಆಕೀನ್ನ ಮುಳಗಿಸಿದೆ. ಹೆದರಿ ಆಕೀ ಮ್ಯಾಲ ಹತ್ತಿದೆ.’

‘ಏನ್ ಚೇಷ್ಟಾ ಮಾಡ್ತಿಯೋ!’ ಅಂತ ಅವಧೂತ ನಕ್ಕ.

ಛಾಯಾಬಾಯಿ ಮಗಳ ಕಡೆ ತಿರುಗಿದರು. ‘ಖರೇನ, ರುಪಾ?’

‘ಖರೆ.’

‘ಮತ್ತ ನೀ ಯಾಕ ಹೇಳಲಿಲ್ಲ?’

‘ಇವರಽ ಹೇಳ್ತಾರೇನಂತ ಕಾಯಾಕತ್ತಿದ್ದೆ.’

ಜಿನೇಶನಿಗೆ ಕೂತ ನೆಲ ಕುಸಿಯಬಾರದೇ ಅನ್ನಿಸಿತು. ಛಾಯಾಬಾಯಿ ಆರತಿ ತಟ್ಟೆಯನ್ನು ಒಳಗೆ ಒಯ್ದಿಟ್ಟು ಬಂದು ಎಲ್ಲರಿಗೂ ಬಡಿಸಿದರು, ಅವನಿಗೂ. ಅಳಿಯ ಎಷ್ಟು ಬೇಡವೆಂದರೂ ಇನ್ನೊಂದು ಹೋಳಿಗೆ ಹಾಕಿಯೇ ತೀರುವ ಆಕೆ, ಈ ಸಲ ‘ಸಾಕು’ ಅಂದ ಕೂಡಲೇ ಮುಂದಿನ ತಾಟಿಗೆ ಹೋದರು.

ಹೊರಡುವಾಗ ರುಪಾಲಿ ಕಾರಿನ ತನಕ ಬಂದಳು. ‘ನಾ ನಾಕ ದಿನಾ ಅವ್ವನ ಕಡೆ ಇರತೀನ್ರಿ.’

‘ಸಿಟ್ಟು ಬಂದೈತೇನು?’

‘ನೀರಾಗ ಹೆದರಿ ಹಿಡದ್ರಿ, ಅದು ನನಗ ತಿಳೀತೈತಿ. ಮಂದಿ ಹೊಗಳೂ ಮುಂದ ಸುಮ್ನ ಕುಂತ್ರೆಲ್ಲಾ, ಅದಕ್ಕ ನಾಕ ದಿನಾ ಬೇಕು.’

ಮರುದಿನ ಪಕ್ಕದ ಅಂಗಡಿಯ ಬಾಬಾಸಾಹೇಬ ಚಹಾ ಕುಡಿಯುತ್ತ ಮತ್ತೆ ಅದೇ ಮಾತು ತೆಗೆದ. ಜಿನೇಶ ಈ ಸಲ ಜಾರಿಕೊಳ್ಳಲಿಲ್ಲ. ಕೆಲಸದವರು ಕೇಳುವಂತೆಯೇ ನಡೆದದ್ದನ್ನು ನಡೆದ ಹಾಗೆ ಹೇಳಿದ. ಬಾಬಾಸಾಹೇಬ ಅರ್ಧ ಕುಡಿದ ಚಹಾದ ಕಪ್ ಕೆಳಗಿಟ್ಟು ಎದ್ದುಹೋದ. ಜಿನೇಶನ ಕಿವಿ ದಿನವಿಡೀ ಉರಿಯುತ್ತಿತ್ತು.

ಸಂಜೆ ರುಪಾಲಿಯ ಫೋನು ಬಂತು.

‘ಪ್ಯಾಟ್ಯಾಗ ಹೇಳಿದ್ರಂತಲ್ಲ?’

‘ಹೂಂ.’

‘ಊಟಾ ಆತೇನ್ರಿ?’

‘ಇನ್ನಾ ಇಲ್ಲ.’

‘ಹೊತ್ತ ಮುಳಗಾಕ ಬಂತು, ಆಮ್ಯಾಲ ಉಣ್ಣಾಕ ಬರಂಗಿಲ್ಲ, ಈಗಽ ಮಾಡ್ರಿ. ನಾಡದು ಬರತೀನಿ.’